ಕಥೆ ಮುಗಿದ ಮೇಲೆ ನೀತಿ ಕೇಳಬೇಡಿ

ಪುಣ್ಯಕೋಟಿಯ ಕಥೆ ಮುಗಿಯಿತೋ ಇಲ್ಲವೋ, ನಮ್ಮ ಮನೆಗಳಲ್ಲೂ ಶಾಲೆಗಳಲ್ಲೂ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ‘ಈ ಕಥೆಯ ನೀತಿ ಏನು, ಹೇಳು ನೋಡೋಣ?’ ನಾಲ್ಕು ವರ್ಷದ ಮಗುವಿಗೂ ಉತ್ತರ ಬಾಯಿಪಾಠ. ‘ಸತ್ಯ ಹೇಳಬೇಕು’ ಎನ್ನುತ್ತದೆ. ಕೇಳಿದವರಿಗೆ ಸಮಾಧಾನವಾಗುತ್ತದೆ, ಮಗು ಆಟಕ್ಕೆ ಓಡುತ್ತದೆ.

ಆ ಪ್ರಶ್ನೆ ಕೇಳದೆ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಮಗುವೇ ಮಾತು ತೆಗೆಯುತ್ತದೆ. ‘ಅಜ್ಜಿ, ಹುಲಿ ಯಾಕೆ ಸತ್ತೋಯ್ತು? ಅದಕ್ಕೂ ಹಸಿವಾಗಿತ್ತಲ್ವಾ?’ ‘ಅಮ್ಮ ಬರದೇ ಇದ್ದಿದ್ರೆ ಕರುಗೆ ಹಾಲು ಯಾರು ಕೊಡ್ತಿದ್ರು?’ ‘ಗೊಲ್ಲ ಯಾಕೆ ಹುಲೀನ ಓಡಿಸಲಿಲ್ಲ?’ ಕೆಲವು ಮಕ್ಕಳು ಏನನ್ನೂ ಕೇಳುವುದಿಲ್ಲ. ಹಸು ಕರುವಿಗೆ ಕೊನೆಯ ಸಲ ಹಾಲೂಡಿಸುವ ಕಡೆ ಅತ್ತುಬಿಡುತ್ತವೆ. ಕಥೆ ಒಳಗಿಳಿದಿದೆ ಎನ್ನುವುದಕ್ಕೆ ಈ ಪ್ರಶ್ನೆಗಳು, ಈ ಅಳುವೇ ಗುರುತು. ಹಸಿದವರ ಸಂಕಟ, ತಬ್ಬಲಿತನದ ಭಯ, ಕೊಟ್ಟ ಮಾತಿನ ಭಾರ ಎಲ್ಲವನ್ನೂ ಆ ಪುಟ್ಟ ಮನಸ್ಸು ಒಟ್ಟಿಗೆ ತೂಗಿ ನೋಡುತ್ತಿರುತ್ತದೆ. ನಾವು ನಡುವೆ ಬಾಯಿ ಹಾಕಿ ನೀತಿ ಕೇಳಿದಾಗ ಅಷ್ಟನ್ನೂ ಎರಡು ಪದಕ್ಕೆ ಇಳಿಸಿಬಿಡುತ್ತೇವೆ.

ಎಳೆಯ ಮಕ್ಕಳಿಗೆ ಕಥೆ ಹೇಳಬೇಕು, ಅದರಿಂದ ಒಳ್ಳೆಯ ಗುಣ ಬೆಳೆಯುತ್ತದೆ, ತಾನೂ ಒಬ್ಬ ಮನುಷ್ಯ ಎಂಬ ಧೈರ್ಯ ಬರುತ್ತದೆ ಎಂದು ಈಗ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಕಥೆ ಎಂದರೆ ಬುದ್ಧಿಮಾತಿಗೆ ಸುತ್ತಿದ ಬಣ್ಣದ ಕಾಗದ ಎಂದುಕೊಂಡರೆ ಇವೆರಡರಲ್ಲಿ ಒಂದೂ ಆಗುವುದಿಲ್ಲ. ಹೇಳುವವರು ಉಪದೇಶ ಕಡಿಮೆ ಮಾಡಿದಷ್ಟೂ, ಕೇಳುವ ಮಗುವಿಗೆ ಮಾತಾಡಲು ಎಡೆ ಬಿಟ್ಟಷ್ಟೂ ಕಥೆಗೆ ಬಲ ಬರುತ್ತದೆ. ನಾನು ಹೇಳಬೇಕಾಗಿರುವುದು ಇಷ್ಟೇ. ಆದರೆ ಇದಕ್ಕೆ ಕಾರಣಗಳನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಟೊರಾಂಟೊ ವಿಶ್ವವಿದ್ಯಾಲಯದ ಕಾಂಗ್ ಲೀ ಮತ್ತು ಅವರ ಸಂಗಡಿಗರು 2014ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಮೂರರಿಂದ ಏಳು ವರ್ಷದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಬೆನ್ನ ಹಿಂದೆ ಒಂದು ಆಟಿಕೆ ಇಟ್ಟು, ಅದರ ಸದ್ದು ಕೇಳಿ ಏನೆಂದು ಊಹಿಸುವ ಆಟ ಆಡಿಸಿದರು. ಆಟದ ನಡುವೆ ದೊಡ್ಡವರು ‘ತಿರುಗಿ ನೋಡಬೇಡ’ ಎಂದು ಹೇಳಿ ಕೋಣೆಯಿಂದ ಹೊರಗೆ ಹೋಗುತ್ತಾರೆ. ಎಷ್ಟೋ ಮಕ್ಕಳು ತಿರುಗಿ ನೋಡಿಯೇ ನೋಡುತ್ತವೆ. ಹೋದವರು ವಾಪಸ್ ಬಂದು ಮಗುವಿಗೆ ಒಂದು ಕಥೆ ಓದುತ್ತಾರೆ. ಆಮೇಲೆ ‘ನೋಡಿದೆಯಾ?’ ಎಂದು ಕೇಳುತ್ತಾರೆ.

ಕೆಲವು ಮಕ್ಕಳಿಗೆ ಓದಿದ್ದು ಸುಳ್ಳು ಹೇಳಿದಾಗ ಮೂಗು ಉದ್ದವಾಗುವ ಪಿನೋಕಿಯೋನ ಕಥೆ. ಕೆಲವರಿಗೆ ತೋಳ ಬಂತು ತೋಳ ಎಂದು ಸುಳ್ಳೇ ಕೂಗಿ ಕೊನೆಗೆ ಕೆಟ್ಟ ಕುರಿಗಾಹಿ ಹುಡುಗನ ಕಥೆ. ಇನ್ನು ಕೆಲವರಿಗೆ, ಅಪ್ಪನ ಚೆರ್ರಿ ಮರ ಕಡಿದು, ಕೇಳಿದಾಗ ನಿಜ ಒಪ್ಪಿಕೊಂಡು, ಅಪ್ಪನಿಂದ ಮೆಚ್ಚುಗೆ ಪಡೆದ ಜಾರ್ಜ್ ವಾಷಿಂಗ್ಟನ್ ಎಂಬ ಹುಡುಗನ ಕಥೆ. ಸುಳ್ಳಿಗೂ ನಿಜಕ್ಕೂ ಸಂಬಂಧವಿಲ್ಲದ ಆಮೆ-ಮೊಲದ ಕಥೆಯನ್ನೂ ಕೆಲವರಿಗೆ ಓದಿದರು. ಮೂಗು ಬೆಳೆದ ಕಥೆ, ತೋಳದ ಕಥೆ ಕೇಳಿದ ಮಕ್ಕಳು ಆಮೆ-ಮೊಲದ ಕಥೆ ಕೇಳಿದವರಿಗಿಂತ ಹೆಚ್ಚೇನೂ ನಿಜ ಹೇಳಲಿಲ್ಲ. ವಾಷಿಂಗ್ಟನ್ ಕಥೆ ಕೇಳಿದವರು ಹೇಳಿದರು. ಸಂಶೋಧಕರು ಅಲ್ಲಿಗೇ ನಿಲ್ಲಲಿಲ್ಲ. ವಾಷಿಂಗ್ಟನ್ ಕಥೆಯ ಕೊನೆಯನ್ನೇ ತಿರುಗಿಸಿ, ಹುಡುಗ ಸುಳ್ಳು ಹೇಳಿ ಸಿಕ್ಕಿಬೀಳುವಂತೆ ಮಾಡಿ ಬೇರೆ ಮಕ್ಕಳಿಗೆ ಓದಿದರು. ಅದರ ಪರಿಣಾಮ ಹೋಗಿಬಿಟ್ಟಿತ್ತು.

ಕಥೆ ಮುಗಿದ ಮೇಲೆ ‘ನಿಜ ಹೇಳು’ ಎಂಬ ಮಾತು ಅಲ್ಲಿ ಎಲ್ಲ ಮಕ್ಕಳಿಗೂ ಸಿಕ್ಕಿತ್ತು. ಆ ಮಾತಿನಿಂದ ವ್ಯತ್ಯಾಸ ಆಗಲಿಲ್ಲ, ಕಥೆಯಿಂದ ಆಯಿತು. ಅದೂ ಶಿಕ್ಷೆಯ ಕಥೆಯಿಂದಲ್ಲ. ನಿಜ ಹೇಳಿದರೆ ಏನಾಗುತ್ತದೆ, ಹೇಳಿದವನನ್ನು ದೊಡ್ಡವರು ಹೇಗೆ ನೋಡುತ್ತಾರೆ ಎಂದು ತೋರಿಸಿದ ಕಥೆಯಿಂದ. ಸುಳ್ಳು ಹೇಳಿದವನಿಗೆ ಆದ ಗತಿ ಕೇಳಿದ ಮಗು ಹೆದರುತ್ತದೆ. ಹೆದರಿದ ಮಗು ತಪ್ಪು ಒಪ್ಪಿಕೊಳ್ಳುವುದಿಲ್ಲ, ಮುಚ್ಚಿಡುತ್ತದೆ. ಇದು ಮಕ್ಕಳನ್ನು ಸಾಕಿದ ಯಾರಿಗೂ ಹೊಸದಲ್ಲ. ಆದರೂ ಸುಳ್ಳು ಹೇಳಿದರೆ ದೇವರು ಕಣ್ಣು ಕೀಳುತ್ತಾನೆ, ಊಟ ಮಾಡದಿದ್ದರೆ ಗುಮ್ಮ ಹಿಡಿದುಕೊಂಡು ಹೋಗುತ್ತಾನೆ ಎಂದು ಹೇಳುವುದನ್ನು ಮಾತ್ರ ನಾವು ಬಿಟ್ಟಿಲ್ಲ.

ಇಲ್ಲಿ ಒಂದು ವಿಷಯ ಬೇರ್ಪಡಿಸಿ ಹೇಳಬೇಕು. ಕಥೆಯೊಳಗೆ ರಾಕ್ಷಸ ಇರಬಾರದು, ಸಾವು ಇರಬಾರದು, ಹುಲಿಯ ಹಲ್ಲು ಇರಬಾರದು ಎಂದು ನಾನು ಹೇಳುತ್ತಿಲ್ಲ. ಅಜ್ಜಿಯ ತೊಡೆಯ ಮೇಲೆ ಕೂತು ರಾಕ್ಷಸನಿಗೆ ಹೆದರುವುದು ಮಕ್ಕಳಿಗೆ ಇಷ್ಟ. ಹೆದರಿ, ರಾಜಕುಮಾರನ ಜೊತೆ ಏಳು ಸಮುದ್ರ ದಾಟಿ, ಗೆದ್ದು ಬರುತ್ತವೆ. ಆ ಭಯಕ್ಕೆ ಒಂದು ಕೊನೆ ಇದೆ. ಗುಮ್ಮನ ಭಯಕ್ಕೆ ಕೊನೆಯೇ ಇಲ್ಲ. ಅದು ಕಥೆಯೊಳಗಿಲ್ಲ, ಬಾಗಿಲ ಹಿಂದೆ ಇದೆ, ದೀಪ ಆರಿದ ಮೇಲೂ ಇರುತ್ತದೆ. ಅದನ್ನು ಮಗುವಿನ ಮೇಲೆ ಬಿಡುವ ಹಕ್ಕು ಯಾರಿಗೂ ಇಲ್ಲ.

ಇನ್ನು ಪ್ರಾಣಿಗಳ ಕಥೆ. ಅದೇ ಟೊರಾಂಟೊದಲ್ಲಿ ನಿಕೋಲ್ ಲಾರ್ಸೆನ್, ಕಾಂಗ್ ಲೀ ಮತ್ತು ಪೆಟ್ರೀಶಿಯಾ ಗಾನಿಯಾ 2017ರಲ್ಲಿ ಮತ್ತೊಂದು ಫಲಿತಾಂಶ ಕೊಟ್ಟರು. ಹಂಚಿಕೊಂಡು ತಿನ್ನಬೇಕು ಎಂಬ ಕಥೆಯನ್ನು ಕೆಲವು ಮಕ್ಕಳಿಗೆ ಪ್ರಾಣಿಗಳ ಚಿತ್ರದೊಂದಿಗೆ, ಕೆಲವರಿಗೆ ಮನುಷ್ಯರ ಚಿತ್ರದೊಂದಿಗೆ ಓದಿದರು. ಆಮೇಲೆ ತಮಗೆ ಸಿಕ್ಕ ಸ್ಟಿಕ್ಕರ್‌ಗಳಲ್ಲಿ ಕೆಲವನ್ನು ಕಾಣದ ಇನ್ನೊಂದು ಮಗುವಿಗೆ ಕೊಡಬಹುದು ಎಂದರು. ಮನುಷ್ಯರ ಕಥೆ ಕೇಳಿದವರು ಮೊದಲಿಗಿಂತ ಹೆಚ್ಚು ಕೊಟ್ಟರು, ಪ್ರಾಣಿಗಳ ಕಥೆ ಕೇಳಿದವರು ಕೊಡಲಿಲ್ಲ. ಇದನ್ನು ಓದಿ ಪಂಚತಂತ್ರವನ್ನು ಅಟ್ಟಕ್ಕೆ ಹಾಕಬೇಕಾಗಿಲ್ಲ. ಇದು ಒಂದು ಊರಿನ ಮಕ್ಕಳು, ಒಂದು ಪುಸ್ತಕ, ಒಂದು ದಿನದ ಪರೀಕ್ಷೆ. ಅದರಲ್ಲೂ ಆ ಪ್ರಾಣಿಗಳು ತಮ್ಮ ಹಾಗೆಯೇ ಯೋಚಿಸುತ್ತವೆ, ನೋಯುತ್ತವೆ ಎಂದುಕೊಂಡ ಮಕ್ಕಳು ಹೆಚ್ಚು ಕೊಟ್ಟವಂತೆ. ಪುಣ್ಯಕೋಟಿಗಾಗಿ ಅಳುವ ಮಗುವಿಗೆ ಹಸು ಪರಕೀಯ ಅಲ್ಲ. ಕಥೆಯ ಪಾತ್ರವನ್ನು ಮಗು ತನ್ನವರೆಂದು ಬಗೆಯಬೇಕು. ಅದು ಹಸುವೇ, ಹುಡುಗಿಯೇ ಎಂಬುದು ಆಮೇಲಿನ ಮಾತು.

ಪಂಚತಂತ್ರದ ಬಗ್ಗೆ ಇನ್ನೊಂದು ಮಾತು ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೇನೆ. ಹನ್ನೊಂದನೇ ಶತಮಾನದಲ್ಲೇ ದುರ್ಗಸಿಂಹ ಅದನ್ನು ಕನ್ನಡಕ್ಕೆ ತಂದ. ಸಾವಿರ ವರ್ಷ ನಮ್ಮ ಜೊತೆಗಿರುವ ಕಥೆಗಳು. ಆದರೆ ಅವು ಎಳೆಯ ಮಕ್ಕಳಿಗೆ ಸದ್ಗುಣ ಕಲಿಸಲು ಹುಟ್ಟಿದವಲ್ಲ. ರಾಜ್ಯ ಆಳಬೇಕಾದ, ಓದು ತಲೆಗೆ ಹತ್ತದ ರಾಜಕುಮಾರರಿಗೆ ಲೋಕದ ವ್ಯವಹಾರ ಕಲಿಸಲು ವಿಷ್ಣುಶರ್ಮ ಹೇಳಿದ ಕಥೆಗಳು ಅವು. ಯಾರನ್ನು ನಂಬಬೇಕು, ಯಾರನ್ನು ನಂಬಬಾರದು, ಗೆಳೆತನ ಹೇಗೆ ಒಡೆಯುತ್ತದೆ, ಬಲವಿಲ್ಲದವನು ಬುದ್ಧಿಯಿಂದ ಹೇಗೆ ಉಳಿಯುತ್ತಾನೆ ಎಂಬುದು ಅಲ್ಲಿಯ ವಿಷಯ. ಬೆಳಿಗ್ಗೆ ‘ಸುಳ್ಳು ಹೇಳಬಾರದು ಪುಟ್ಟಾ’ ಎಂದ ಅಮ್ಮ ರಾತ್ರಿ ಮಂಗ-ಮೊಸಳೆಯ ಕಥೆ ಹೇಳುತ್ತಾಳೆ. ಮಂಗ ತನ್ನ ಹೃದಯ ಮರದ ಮೇಲೆ ಬಿಟ್ಟುಬಂದಿದ್ದೇನೆ ಎಂದು ಸುಳ್ಳು ಹೇಳಿ ಜೀವ ಉಳಿಸಿಕೊಳ್ಳುತ್ತದೆ. ಚುರುಕಿನ ಮಗು ಕೇಳಿಯೇ ಕೇಳುತ್ತದೆ: ‘ಅಮ್ಮ, ಮಂಗ ಸುಳ್ಳು ಹೇಳ್ತಲ್ಲಾ?’

ಈ ಪ್ರಶ್ನೆ ಬಂದ ರಾತ್ರಿ ಆ ಮನೆಯ ಭಾಗ್ಯ ಎಂದೇ ತಿಳಿಯುತ್ತೇನೆ. ಅದಕ್ಕೆ ಅವಸರದ ಉತ್ತರ ಬೇಡ. ‘ಹೌದಲ್ಲ, ಹೇಳ್ತು. ನೀನಾಗಿದ್ರೆ ಏನ್ ಮಾಡ್ತಿದ್ದೆ?’ ಎಂದರೆ ಸಾಕು. ನಂಬಿಸಿ ಕೊಲ್ಲಲು ಕರೆದೊಯ್ಯುವವನಿಗೆ ಹೇಳುವ ಸುಳ್ಳೂ ನಂಬಿದ ಗೆಳೆಯನಿಗೆ ಹೇಳುವ ಸುಳ್ಳೂ ಒಂದೇ ಅಲ್ಲ ಎಂದು ಐದು ವರ್ಷದ ಮಗು ತನ್ನದೇ ಭಾಷೆಯಲ್ಲಿ ಹೇಳಬಲ್ಲದು. ಕಾಗಕ್ಕ-ಗುಬ್ಬಕ್ಕನ ಕಥೆಯೂ ಹಾಗೆಯೇ. ಮಳೆಗೆ ಮನೆ ಕೊಚ್ಚಿಹೋದ ಕಾಗೆ ಬಂದು ಬಾಗಿಲು ತಟ್ಟುತ್ತದೆ. ಗುಬ್ಬಿ ಒಂದೊಂದು ನೆಪ ಹೇಳಿ ತಡ ಮಾಡುತ್ತದೆ. ಗಟ್ಟಿಯಾಗಿ ಮನೆ ಕಟ್ಟಿಕೊಂಡ ಗುಬ್ಬಿ ಜಾಣೆ ಎಂದು ನಾವು ಹೇಳಿ ಮುಗಿಸುತ್ತೇವೆ. ಮಳೆಯಲ್ಲಿ ನೆನೆಯುತ್ತ ನಿಂತ ಕಾಗೆಯ ಪಕ್ಷ ವಹಿಸುವ ಮಕ್ಕಳು ಎಷ್ಟೋ ಇವೆ. ಅವುಗಳ ಮಾತಿಗೆ ಕಿವಿಗೊಟ್ಟರೆ, ಕರುಣೆ ಎಂಬ ಶಬ್ದವೇ ಇಲ್ಲದೆ ಕರುಣೆಯ ಪಾಠ ನಡೆದುಹೋಗಿರುತ್ತದೆ.

ಚಂದಮಾಮ ಓದಿ ಬೆಳೆದವರಿಗೆ ಬೇತಾಳನ ನೆನಪಿರುತ್ತದೆ. ವಿಕ್ರಮನ ಹೆಗಲ ಮೇಲಿನ ಬೇತಾಳ ಕಥೆ ಹೇಳಿ ಕೊನೆಗೆ ನೀತಿ ಹೇಳುವುದಿಲ್ಲ, ಪ್ರಶ್ನೆ ಹಾಕುತ್ತದೆ. ಇವರಲ್ಲಿ ಯಾರು ದೊಡ್ಡವರು? ತಪ್ಪು ಯಾರದು? ಕಥೆಯಿಂದ ಗುಣ ಬೆಳೆಸುವ ಕ್ರಮವನ್ನು ನಮ್ಮ ಹಿಂದಿನವರು ಅಷ್ಟು ಚೆನ್ನಾಗಿ ಕಂಡುಕೊಂಡಿದ್ದರು. ಒಂದೇ ವ್ಯತ್ಯಾಸ: ಬೇತಾಳನ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಾವಿರ ಹೋಳಾಗುತ್ತಿತ್ತು. ಮಗುವಿಗೆ ಆ ಹೆದರಿಕೆ ಇರಕೂಡದು. ಅದು ಹೇಳಿದ್ದು ಸರಿ-ತಪ್ಪು ಎಂದು ಅಂಕ ಹಾಕದೆ ಕೇಳಿಸಿಕೊಳ್ಳಬೇಕು.

ಈಗ ಆತ್ಮವಿಶ್ವಾಸದ ಕಡೆ ಬರೋಣ. ಮಗುವಿಗೆ ತನ್ನ ಬಗ್ಗೆ ಒಳ್ಳೆಯ ಭಾವನೆ ಬರಬೇಕೆಂದು ಈಗಿನ ತಂದೆತಾಯಿಗಳು ಬಾಯಿ ತುಂಬ ಹೊಗಳುತ್ತಾರೆ. ಸೂಪರ್, ಜಾಣ, ಚಾಂಪಿಯನ್. ಪ್ರೀತಿಯಿಂದಲೇ ಹೇಳುತ್ತಾರೆ, ಅದರಲ್ಲಿ ಕೆಟ್ಟದ್ದಿಲ್ಲ. ಆದರೆ ಹೊಗಳಿಕೆ ಮಗುವಿಗೆ ನೆಲೆ ಕೊಡುವುದಿಲ್ಲ. ನಾಳೆ ಚಾಂಪಿಯನ್ ಆಗದೆ ಹೋದರೆ ನಾನು ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಆ ಪ್ರಶ್ನೆಗೆ ಉತ್ತರ ಕೊಡುವುದು ಮನೆತನದ ಕಥೆ.

ಅಮೆರಿಕದ ಅಟ್ಲಾಂಟಾದಲ್ಲಿರುವ ಎಮರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫೈವುಷ್ ಈ ಶತಮಾನದ ಆರಂಭದಲ್ಲಿ ಇದನ್ನೇ ಹುಡುಕಿಕೊಂಡು ಹೊರಟರು. ಮಕ್ಕಳ ಮುಂದೆ 20 ಪ್ರಶ್ನೆಗಳನ್ನಿಟ್ಟರು. ನಿನ್ನ ಅಪ್ಪ ಅಮ್ಮ ಹೇಗೆ ಭೇಟಿಯಾದರು, ಗೊತ್ತೇ? ಅಮ್ಮ ಬೆಳೆದದ್ದು ಎಲ್ಲಿ? ನೀನು ಹುಟ್ಟಿದಾಗ ಏನೇನಾಯಿತು? ಮನೆಯಲ್ಲಿ ಯಾರಿಗಾದರೂ ಕೆಟ್ಟ ಕಾಯಿಲೆ, ಕಷ್ಟ ಬಂದಿತ್ತೇ? ಇಂಥವಕ್ಕೆ ಉತ್ತರ ಬಲ್ಲ ಮಕ್ಕಳಲ್ಲಿ ತಮ್ಮ ಬಗ್ಗೆ ಗೌರವ ಹೆಚ್ಚಿತ್ತು, ಬದುಕು ತಮ್ಮ ಕೈಯಲ್ಲಿದೆ ಎಂಬ ಭಾವನೆ ಹೆಚ್ಚಿತ್ತು, ಕಳವಳ ಕಡಿಮೆ ಇತ್ತು. ಪ್ರಶ್ನೋತ್ತರ ಬಾಯಿಪಾಠ ಮಾಡಿಸಿದರೆ ಆತ್ಮವಿಶ್ವಾಸ ಬರುತ್ತದೆ ಎಂದು ಇದರ ಅರ್ಥವಲ್ಲ. ಉತ್ತರ ಗೊತ್ತಿರಬೇಕಾದರೆ ಆ ಮನೆಯಲ್ಲಿ ಊಟದ ಹೊತ್ತಿನಲ್ಲೋ ಹಬ್ಬದ ದಿನವೋ ಯಾರೋ ಕೂತು ಹೇಳಿರಬೇಕು, ಮತ್ತೆ ಮತ್ತೆ ಹೇಳಿರಬೇಕು. ಮಗುವನ್ನು ಗಟ್ಟಿ ಮಾಡಿದ್ದು ಆ ಕೂತು ಹೇಳುವ ರೂಢಿ.

ಅವರು ಗಮನಿಸಿದ ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಮನೆತನದ ಕಥೆಗಳಲ್ಲಿ ಕೆಲವು ಏಳಿಗೆಯ ಕಥೆಗಳು: ಏನೂ ಇರಲಿಲ್ಲ, ದುಡಿದೆವು, ಮೇಲೆ ಬಂದೆವು. ಕೆಲವು ಬೀಳಿನ ಕಥೆಗಳು: ಎಲ್ಲ ಇತ್ತು, ಹೋಯಿತು. ಇವೆರಡಕ್ಕಿಂತ ಮಕ್ಕಳಿಗೆ ಬಲ ಕೊಡುವುದು ಏಳುಬೀಳು ಎರಡೂ ಇರುವ ಕಥೆ. ಅಜ್ಜ ಅಂಗಡಿ ಇಟ್ಟ, ಸುಟ್ಟುಹೋಯಿತು, ಮತ್ತೆ ಇಟ್ಟ; ಚಿಕ್ಕಪ್ಪ ಪರೀಕ್ಷೆಯಲ್ಲಿ ಫೇಲಾದ, ಎರಡು ವರ್ಷ ಗ್ಯಾರೇಜಿನಲ್ಲಿದ್ದ, ಆಮೇಲೆ ಓದಿದ; ನಾವೆಲ್ಲ ಜೊತೆಗಿದ್ದೆವು. ನಮ್ಮ ಮಧ್ಯಮವರ್ಗದ ಮನೆಗಳು ಇಲ್ಲಿ ಸೋಲುತ್ತವೆ. ಮಕ್ಕಳಿಗೆ ನಾವು ಹೇಳುವುದು ಗೆದ್ದ ಕಥೆ ಮಾತ್ರ. ‘ನಿಮ್ಮಪ್ಪ ಕ್ಲಾಸಿಗೇ ಫಸ್ಟು’ ಎಂದು ಕೇಳುತ್ತ ಬೆಳೆದ ಮಗು ಲೆಕ್ಕದಲ್ಲಿ ತಪ್ಪಿದ ದಿನ, ತಾನು ಈ ಮನೆಗೆ ಸೇರಿದವನೇ ಅಲ್ಲವೇನೋ ಎಂದುಕೊಳ್ಳುತ್ತದೆ. ಅಪ್ಪನೂ ಒಂದು ದಿನ ಉತ್ತರಪತ್ರಿಕೆ ಬಚ್ಚಿಟ್ಟು ಅಜ್ಜಿಯ ಕೈಗೆ ಸಿಕ್ಕಿಬಿದ್ದ ಕಥೆ ಆ ಮಗುವಿಗೆ ಆ ದಿನ ಔಷಧ.

ಬಡವರ ಮನೆಗಳಲ್ಲಿ ಕಥೆ ಇಲ್ಲ ಎಂದುಕೊಳ್ಳುವುದು ದೊಡ್ಡ ತಪ್ಪು. ಬಾಗಲಕೋಟೆಯಲ್ಲಿ ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ನವನಗರಕ್ಕೆ ಬಂದವರು, ಶರಾವತಿ ಕಣಿವೆಯಲ್ಲಿ ಲಿಂಗನಮಕ್ಕಿ ಅಣೆಕಟ್ಟೆಗೆ ಗದ್ದೆ-ತೋಟ ಕಳೆದುಕೊಂಡವರು, ಯಾದಗಿರಿ, ರಾಯಚೂರಿನ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದು ತಗಡಿನ ಶೆಡ್ಡುಗಳಲ್ಲಿರುವವರು, ಇವರ ಮಕ್ಕಳಿಗೆ ಕೊಡಲು ಕಥೆಗಳ ರಾಶಿಯೇ ಇದೆ. ‘ಬರ ಬಿದ್ದ ವರ್ಷ ನಿಮ್ಮ ಮುತ್ಯಾ ಎತ್ತು ಮಾರಲಿಲ್ಲ, ತಾನು ಒಪ್ಪೊತ್ತು ಉಂಡು ಅವಕ್ಕ ಮೇವು ತಂದ’ ಎಂಬ ಕಥೆ ಕೇಳಿದ ಮಗು ಶಾಲೆಯಲ್ಲಿ ಯಾರಾದರೂ ‘ನೀನು ಶೆಡ್ಡಿನವನು’ ಎಂದರೆ ಅಷ್ಟು ಸುಲಭವಾಗಿ ಕುಗ್ಗುವುದಿಲ್ಲ. ಆದರೆ ಆ ತಾಯಿತಂದೆಗಳೇ ತಮ್ಮ ಬದುಕು ಹೇಳುವಂಥದ್ದಲ್ಲ ಎಂದುಕೊಂಡಿರುತ್ತಾರೆ. ಪುಸ್ತಕದಲ್ಲಿರುವುದು ಮಾತ್ರ ಕಥೆ ಎಂಬ ನಂಬಿಕೆಯನ್ನು ಅವರಲ್ಲಿ ಬಿತ್ತಿದವರು ಓದಿದ ನಾವೇ. ಹೊರದೇಶದಲ್ಲಿರುವ ಕನ್ನಡದ ಮನೆಗಳ ಕಷ್ಟ ಬೇರೆ ಬಗೆಯದು. ಅಲ್ಲಿ ಅಜ್ಜ-ಅಜ್ಜಿ ವಿಡಿಯೋ ಕರೆಯಲ್ಲಿ ‘ಊಟ ಆಯ್ತಾ, ಸ್ಕೂಲ್ ಆಯ್ತಾ’ ಎಂಬಲ್ಲಿಗೆ ನಿಂತುಬಿಡುತ್ತಾರೆ. ಅದೇ ಹತ್ತು ನಿಮಿಷದಲ್ಲಿ ಅಪ್ಪ ಚಿಕ್ಕವನಿದ್ದಾಗ ಮಾಡಿದ ಒಂದು ತಂಟೆ ಹೇಳಿದರೆ ಮಗು ಫೋನು ಬಿಡುವುದಿಲ್ಲ.

ಕಥೆಗಳಲ್ಲಿ ಯಾರ ಮುಖ ಹೇಗಿದೆ ಎಂಬುದನ್ನೂ ನೋಡಿಕೊಳ್ಳಬೇಕು. ರಾಜಕುಮಾರಿ ಹಾಲುಬಿಳುಪು, ರಾಕ್ಷಸ ಕಪ್ಪು. ಮಂಥರೆ ಗೂನಿ, ಶಕುನಿ ಕುಂಟ. ಮಲತಾಯಿ ಎಂದರೆ ಕೆಟ್ಟವಳೇ. ಕೇಳುತ್ತ ಕೂತ ಮಕ್ಕಳಲ್ಲಿ ಕಪ್ಪು ಮಗು ಇದೆ, ಪೋಲಿಯೋ ಆದ ಕಾಲಿನ ಮಗು ಇರಬಹುದು, ಚಿಕ್ಕಮ್ಮನ ಪ್ರೀತಿಯಲ್ಲೇ ಬೆಳೆಯುತ್ತಿರುವ ಮಗು ಇರಬಹುದು. ಅವು ತಾವಾಗಿ ಏನೂ ಹೇಳುವುದಿಲ್ಲ, ಒಳಗೇ ಇಟ್ಟುಕೊಳ್ಳುತ್ತವೆ. ಇದಕ್ಕಾಗಿ ಹಳೆಯ ಕಥೆಗಳನ್ನು ಬಿಡಬೇಕಾಗಿಲ್ಲ. ಜನಪದ ಕಥೆ ಹೇಳಿದವರೆಲ್ಲ ತಮಗೆ ಬೇಕಾದಂತೆ ತಿದ್ದಿಕೊಂಡೇ ಹೇಳಿದ್ದಾರೆ. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಕರ್ನಾಟಕದ ಮನೆಗಳಲ್ಲಿ ಹೆಂಗಸರ ಬಾಯಿಂದ ಕೇಳಿ ಕೂಡಿಸಿದ ಕಥೆಗಳನ್ನು ನೋಡಿ. ಅಲ್ಲಿ ಹಂಚಿ ಎಂಬ ಹುಡುಗಿ ಚಿನ್ನದ ಕೂದಲಿನ ಮುಖವನ್ನು ಮಣ್ಣಿನ ಮುಖವಾಡದಲ್ಲಿ ಮರೆಸಿಕೊಂಡು ಊರೂರು ಅಲೆದು ತನ್ನ ಕೈಯ ಕೆಲಸದಿಂದ ಬದುಕುತ್ತಾಳೆ. ಚಿನ್ನದ ಕೂದಲಿಗಿಂತ ಆ ಕೈಯ ಕೆಲಸವನ್ನು ಎತ್ತಿ ಹೇಳುವ ಸ್ವಾತಂತ್ರ್ಯ ಇವತ್ತು ಹೇಳುವವರಿಗೆ ಇದೆ.

ಇನ್ನೊಂದು ಕಥೆಯೂ ರಾಮಾನುಜನ್ ಸಂಗ್ರಹದಲ್ಲಿದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿರುತ್ತದೆ. ಅವಳು ಅದನ್ನು ಯಾರಿಗೂ ಹೇಳುವುದಿಲ್ಲ. ಒಳಗೆ ಉಸಿರುಗಟ್ಟಿದ ಕಥೆ ಮತ್ತು ಹಾಡು ಒಂದು ದಿನ ಅವಳ ಬಾಯಿಂದ ಹೊರಬಿದ್ದು ಕೋಟು, ಜೋಡುಗಳಾಗಿ ಬಾಗಿಲಲ್ಲಿ ಕೂರುತ್ತವೆ. ಗಂಡ ಅನುಮಾನದಿಂದ ಜಗಳ ತೆಗೆಯುತ್ತಾನೆ. ಗಿರೀಶ ಕಾರ್ನಾಡರ ‘ನಾಗಮಂಡಲ’ದ ಚೌಕಟ್ಟಿಗೆ ಬೀಜವಾದ ಕಥೆ ಇದು. ಹೇಳದೆ ಉಳಿದ ಕಥೆ ಹೇಳದವರನ್ನೇ ಹಿಂಸಿಸುತ್ತದೆ ಎಂದು ಓದು ಬಾರದ ಹೆಂಗಸರು ತಿಳಿದಿದ್ದರು. ಮಕ್ಕಳ ವಿಷಯದಲ್ಲಿ ನಾವು ಅದನ್ನು ಮರೆತಿದ್ದೇವೆ. ಮಗು ಕೇಳುವವನು, ನಾವು ಹೇಳುವವರು ಎಂದಷ್ಟೇ ಅಂದುಕೊಂಡಿದ್ದೇವೆ.

ತೆತ್ಸುಕೊ ಕುರೊಯಾನಾಗಿ 1981ರಲ್ಲಿ ಬರೆದ ‘ತೊತ್ತೋಚಾನ್’ ಕನ್ನಡದಲ್ಲೂ ಬಹಳ ಜನ ಓದಿದ ಪುಸ್ತಕ. ಒಂದನೇ ತರಗತಿಯಲ್ಲೇ ಶಾಲೆಯಿಂದ ಹೊರಗೆ ಹಾಕಿಸಿಕೊಂಡ ಹುಡುಗಿ ಟೋಕಿಯೋದ ತೊಮೊಯೆ ಶಾಲೆಗೆ ಬರುತ್ತಾಳೆ. ಮುಖ್ಯೋಪಾಧ್ಯಾಯ ಕೊಬಾಯಾಶಿ ಅಮ್ಮನನ್ನು ಮನೆಗೆ ಕಳಿಸಿ, ಕುರ್ಚಿ ಹತ್ತಿರ ಎಳೆದುಕೊಂಡು, ನಿನಗೆ ಹೇಳಬೇಕೆನಿಸಿದ್ದನ್ನೆಲ್ಲ ಹೇಳು ಎನ್ನುತ್ತಾರೆ. ಅವಳು ರೈಲಿನಿಂದ ಹಿಡಿದು ಹಾಕಿಕೊಂಡ ಅಂಗಿಯವರೆಗೆ ಹೇಳುತ್ತ ಹೋಗುತ್ತಾಳೆ. ಅವರು ನಾಲ್ಕು ಗಂಟೆ ಆಕಳಿಸದೆ ಕೇಳುತ್ತಾರೆ. ಹೊರಗೆ ಹಾಕಿಸಿಕೊಂಡ ಸಂಗತಿ ಆ ಹುಡುಗಿಗೆ ತಿಳಿದದ್ದು ದೊಡ್ಡವಳಾದ ಮೇಲೆ. ಆದರೆ ಈ ಮನುಷ್ಯನ ಜೊತೆ ತಾನು ಕ್ಷೇಮ ಎಂಬುದು ಆ ದಿನವೇ ತಿಳಿಯಿತು. ಆ ಶಾಲೆ 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಅಲ್ಲಿ ತನ್ನ ಮಾತಿಗೆ ಸಿಕ್ಕ ಬೆಲೆ ಆಕೆಯ ಜೀವನಪೂರ್ತಿ ಉಳಿಯಿತು.

ಮೂವತ್ತು ಮಕ್ಕಳಿರುವ ಕಡೆ ನಾಲ್ಕು ಗಂಟೆ ಎಲ್ಲಿಂದ ತರುವುದು? ಇದಕ್ಕೆ ಷಿಕಾಗೋ ವಿಶ್ವವಿದ್ಯಾಲಯದ ಲ್ಯಾಬ್ ಶಾಲೆಯಲ್ಲಿ ಶಿಶುವಿಹಾರದ ಟೀಚರ್ ಆಗಿದ್ದ ವಿವಿಯನ್ ಗಸಿನ್ ಪೇಲಿ ಒಂದು ದಾರಿ ಮಾಡಿಕೊಂಡಿದ್ದರು. ಮಗು ಬಂದು ತನ್ನ ಕಥೆ ಹೇಳುತ್ತದೆ, ಟೀಚರ್ ಅದು ಹೇಳಿದಂತೆಯೇ ಬರೆದುಕೊಳ್ಳುತ್ತಾರೆ. ನಾಲ್ಕು ಸಾಲಾದರೂ ಸರಿ, ಒಂದು ಸಾಲಾದರೂ ಸರಿ. ಆಮೇಲೆ ಎಲ್ಲರೂ ಸುತ್ತ ಕೂತು, ಟೀಚರ್ ಓದಿದಂತೆ ಆ ಕಥೆಯನ್ನು ಆಡುತ್ತಾರೆ. ಹೇಳಿದ ಮಗು ತನಗೆ ಬೇಕಾದ ಪಾತ್ರ ಆರಿಸಿಕೊಳ್ಳುತ್ತದೆ. 1990ರ ಪುಸ್ತಕವೊಂದರಲ್ಲಿ ಪೇಲಿ, ಯಾರ ಜೊತೆಗೂ ಸೇರದೆ ತಾನು ಹೆಲಿಕಾಪ್ಟರ್ ಎಂದೇ ಇರುತ್ತಿದ್ದ ಹುಡುಗನೊಬ್ಬನ ಬಗ್ಗೆ ಬರೆದಿದ್ದಾರೆ. ಉಳಿದ ಮಕ್ಕಳು ತಮ್ಮ ಕಥೆಗಳಲ್ಲಿ ನಿಧಾನವಾಗಿ ಅವನ ಹೆಲಿಕಾಪ್ಟರಿಗೂ ಜಾಗ ಮಾಡಿದರು. ಬೇರೆಯವನನ್ನು ಸೇರಿಸಿಕೊಳ್ಳಬೇಕೆಂಬ ಪಾಠವನ್ನು ಯಾರೂ ಮಾಡಲಿಲ್ಲ. ಅವನಿಗೆ ನೆಲೆ ಸಿಕ್ಕಿತು, ಅವರಿಗೆ ಗುಣ ಬಂತು, ಎರಡೂ ಒಂದೇ ಆಟದಲ್ಲಿ.

ಇದಕ್ಕೆ ಬೇಕಾದದ್ದು ಒಂದು ನೋಟುಬುಕ್ಕು, ಒಂದು ಪೆನ್ನು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಒಂದು ಚೌಕ. ನಮ್ಮ ಯಾವ ಅಂಗನವಾಡಿಯಲ್ಲೂ ನಾಳೆಯಿಂದಲೇ ಮಾಡಬಹುದು. ಒಂದು ದಿನಕ್ಕೆ ಇಬ್ಬರು ಮಕ್ಕಳ ಕಥೆ ಆದರೂ ಸಾಕು, ಸರದಿ ಬರುತ್ತದೆ. ಮಗು ಹೇಳಿದ್ದನ್ನು ತಿದ್ದಬಾರದು, ವ್ಯಾಕರಣವನ್ನಂತೂ ತಿದ್ದಲೇಬಾರದು. ಮುಖ್ಯವಾಗಿ ಮಗುವಿನ ಮನೆಮಾತನ್ನು ತಡೆಯಬಾರದು. ಲಂಬಾಣಿ ತಾಂಡಾದ ಮಗು, ಉರ್ದು ಮನೆಯ ಮಗು, ತುಳು, ಕೊಂಕಣಿ, ಬ್ಯಾರಿ, ಕೊಡವ ಮಾತಾಡುವ ಮಗು ಮೊದಲ ದಿನ ಶಾಲೆಯಲ್ಲಿ ಮೂಕವಾಗುತ್ತದೆ. ಅದು ದಡ್ಡತನವೆಂದು ಎಷ್ಟೋ ವರ್ಷ ತಿಳಿದೆವು. ಅದರ ಕಥೆ ಅದರ ಮಾತಿನಲ್ಲೇ ಬರಲಿ, ಅದೇ ಮಾತಿನ ದೊಡ್ಡ ಮಗುವೊಂದು ಕನ್ನಡದಲ್ಲಿ ಹೇಳಿಕೊಡಲಿ. ಕಥೆ ಮುಗಿಯುವ ಹೊತ್ತಿಗೆ ಉಳಿದ ಮಕ್ಕಳಿಗೂ ನಾಲ್ಕು ಲಂಬಾಣಿ ಶಬ್ದ ಬಂದಿರುತ್ತದೆ, ಹೇಳಿದ ಮಗುವಿನ ತಲೆ ಎತ್ತರವಾಗಿರುತ್ತದೆ.

ಮನೆಯಲ್ಲಾದರೆ ಇನ್ನೂ ಸುಲಭ. ಹಿಂದೆ ಕಥೆ ಹೇಳುವ ಅಜ್ಜಿಯರು ಮಕ್ಕಳಿಂದ ‘ಹೂಂ’ ಎನ್ನಿಸುತ್ತಿದ್ದರು. ಹೂಂಗುಟ್ಟುವುದು ನಿಂತರೆ ಕಥೆಯೂ ನಿಲ್ಲುತ್ತಿತ್ತು. ಮಗು ತನ್ನ ದಿನದ ಕಥೆ ಹೇಳುವಾಗ ಆ ಹೂಂಗುಟ್ಟುವ ಕೆಲಸ ನಮ್ಮದು, ಮೊಬೈಲು ಕೆಳಗಿಟ್ಟು. ‘ಇವತ್ತು ಏನು ಕಲಿತೆ’ ಎಂದು ಕೇಳಿದರೆ ‘ಏನಿಲ್ಲ’ ಎಂಬ ಉತ್ತರ ಬರುತ್ತದೆ. ‘ನಿನ್ನೆ ಬಿದ್ದಿದ್ದನಲ್ಲ ನಿನ್ನ ಫ್ರೆಂಡು, ಅವನ ಮಂಡಿ ಹೇಗಿದೆ? ಆಮೇಲೆ ಯಾರು ಎತ್ತಿದರು? ಆಗ ನಿನಗೆ ಏನನ್ನಿಸಿತು?’ ಎಂದರೆ ಕಥೆ ಬಿಚ್ಚಿಕೊಳ್ಳುತ್ತದೆ. ಹೀಗೆ ಮಗುವಿನ ಜೊತೆ ಸೇರಿ ನಡೆದದ್ದನ್ನು ಬಿಡಿಸಿ ಬಿಡಿಸಿ ನೆನೆಯುವ ತಾಯಂದಿರ ಮಕ್ಕಳು ತಮ್ಮ ಅನುಭವವನ್ನು ಹೆಚ್ಚು ವಿವರವಾಗಿ ನೆನಪಿಟ್ಟುಕೊಳ್ಳುತ್ತವೆ ಎಂಬುದು ಫೈವುಷ್ ಮತ್ತು ನ್ಯೂಜಿಲೆಂಡಿನ ಇಲೇನ್ ರೀಸ್ ಅವರ ಎಷ್ಟೋ ವರ್ಷಗಳ ಕೆಲಸದಿಂದ ಗೊತ್ತಾಗಿದೆ.

ಒಂದೇ ಕಥೆ ದಿನವೂ ಬೇಕೆಂದು ಮಗು ಹಟ ಹಿಡಿದರೆ ಬೇಸರಪಡಬೇಡಿ. ಪಂಜೆ ಮಂಗೇಶರಾಯರ ‘ಸಿಗಡಿ ಯಾಕೆ ಒಣಗಲಿಲ್ಲ’ದಂಥ ಸರಪಣಿ ಕಥೆಯನ್ನು ಮೂರು ವರ್ಷದ ಮಗು ಹತ್ತನೇ ಸಲ ಕೇಳುವುದು ಮುಂದೇನಾಗುತ್ತದೆ ಎಂದು ತಿಳಿಯಲಿಕ್ಕಲ್ಲ. ಮುಂದೇನಾಗುತ್ತದೆ ಎಂದು ತನಗೆ ಗೊತ್ತು ಎಂಬ ಹೆಮ್ಮೆಗೆ. ನೀವು ಒಂದು ಕೊಂಡಿ ತಪ್ಪಿಸಿ ಹೇಳಿದರೆ ಅದು ತಕ್ಷಣ ಹಿಡಿದು ತಿದ್ದುತ್ತದೆ. ದೊಡ್ಡವರನ್ನು ತಿದ್ದುವ ಅಂಥ ಅವಕಾಶ ಅದಕ್ಕೆ ದಿನದಲ್ಲಿ ಬೇರೆಲ್ಲಿದೆ?

ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ಆರಂಭಿಸಿದ ಗಿಜುಭಾಯಿ ಬಧೇಕಾ ತಮ್ಮ ‘ದಿವಾಸ್ವಪ್ನ’ದಲ್ಲಿ ಒಬ್ಬ ಹೊಸ ಮೇಷ್ಟ್ರ ಕಥೆ ಬರೆದರು. ಮೊದಲ ದಿನ ಅವನು ಮಕ್ಕಳನ್ನು ಮೌನವಾಗಿ ಕೂರಿಸಲು ಹೋಗಿ ಸೋಲುತ್ತಾನೆ. ಎರಡನೇ ದಿನ ಒಂದು ರಾಜನ ಕಥೆ ತೆಗೆಯುತ್ತಾನೆ. ಗದ್ದಲವಿದ್ದ ತರಗತಿ ತಾನಾಗಿ ಹತ್ತಿರ ಸರಿದು ಕೂರುತ್ತದೆ. ಮೇಲಿನವರು ಬಂದು ಪಾಠ ಎಲ್ಲಿ, ಬರೀ ಕಥೆ ಹೇಳುತ್ತೀಯಲ್ಲ ಎಂದು ಕೇಳುತ್ತಾರೆ. ಆ ಪ್ರಶ್ನೆ ನಮ್ಮಲ್ಲಿ ಇನ್ನೂ ಸತ್ತಿಲ್ಲ. ನಮ್ಮ ರಾಜ್ಯದಲ್ಲಿ ಅಂಗನವಾಡಿಗಳು 1975ರಲ್ಲಿ ಟಿ. ನರಸೀಪುರದಿಂದ ಆರಂಭವಾದವು. ಅಲ್ಲಿಯ ಕಾರ್ಯಕರ್ತೆ ಇವತ್ತು ಮಕ್ಕಳಿಗೆ ಊಟ ಬಡಿಸಬೇಕು, ತೂಕ-ಎತ್ತರ ಅಳೆದು ಪೋಷಣ್ ಟ್ರ್ಯಾಕರ್‌ಗೆ ಹಾಕಬೇಕು, ಗರ್ಭಿಣಿಯರ ಮನೆಗೆ ಹೋಗಬೇಕು, ಸಮೀಕ್ಷೆ, ಮತದಾರರ ಪಟ್ಟಿ ಎಂದು ಕರೆದಾಗಲೆಲ್ಲ ಓಡಬೇಕು. ಆಕೆಗೆ ಕಥೆ ಬಾರದೆ ಇಲ್ಲ, ಕೂತು ಹೇಳುವ ಬಿಡುವಿಲ್ಲ. ತೂಕ ಬರೆಯುವ ಹಾಗೆಯೇ ಮಗು ಹೇಳಿದ ಕಥೆ ಬರೆಯುವುದೂ ಕೆಲಸವೆಂದು ಇಲಾಖೆ ಒಪ್ಪಬೇಕು. ದಿನಕ್ಕೆ ಅರ್ಧ ಗಂಟೆ ಆಕೆಯನ್ನು ಯಾವ ಮೀಟಿಂಗಿಗೂ ಯಾವ ಫೋನಿಗೂ ಕರೆಯಬಾರದು. ಮಕ್ಕಳ ಆತ್ಮವಿಶ್ವಾಸಕ್ಕೆಂದು ಹೊಸ ಯೋಜನೆ, ಹೊಸ ಕಿಟ್ ತರುವ ಮೊದಲು ಸರ್ಕಾರ ಈ ಅರ್ಧ ಗಂಟೆಯನ್ನು ಆದೇಶ ಮಾಡಿ ಬಿಡಿಸಿಕೊಡಲಿ.